ಕಿಟ್ಟ ಶಬ್ದದ ಅರ್ಥವೂ ಲೌರಿಯಮ್ಮಿನ ಬೆಳ್ಳಿಯೂ

ಅದಿರನ್ನು ಕುಲುಮೆಯಲ್ಲಿ ಕರಗಿಸಿದಾಗ ಲೋಹವು ತಳಕ್ಕಿಳಿದು, ಮಣ್ಣುಕಲ್ಲುಗಳ ಅಂಶವು ಮೇಲೆ ತೇಲಿ, ಆರಿದ ಬಳಿಕ ಕರಿಯ ಗಾಜಿನಂತೆ ಗಟ್ಟಿಯಾಗುವುದು. ಇದಕ್ಕೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಕಿಟ್ಟವೆಂದೇ ಹೆಸರು. ಕಬ್ಬಿಣದ ಹಳೆಯ ಕಿಟ್ಟವನ್ನು ವೈದ್ಯರು ಮಂಡೂರವೆಂದು ಔಷಧಕ್ಕೆ ಉಪಯೋಗಿಸುವುದು ಪ್ರಸಿದ್ಧವೇ ಆಗಿದೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಹಿಂದೆ ಗಣಿಯಿದ್ದ ಸ್ಥಳವನ್ನು ಕಿಟ್ಟ, ಮೂಷೆ, ಇದ್ದಲು, ಬೂದಿ ಇವುಗಳಿಂದ ಆಕರಾಧ್ಯಕ್ಷನು ಗುರುತಿಸಬೇಕೆಂದಿದೆ. ಅಲ್ಲಿ ಕಿಟ್ಟವು ಗಣಿಗೆ ಲಿಂಗ ಮಾತ್ರ. ಕಿಟ್ಟವೇ ಗಣಿಯಾದ ಉದಾಹರಣೆಯು ಗ್ರೀಸ್ ದೇಶದಲ್ಲಿ ದೊರೆಯುತ್ತದೆ.

ಅಥೆನ್ಸ್ ನಗರದ ಆಗ್ನೇಯಕ್ಕಿರುವ ಲೌರಿಯಮ್ಮಿನ ಅದಿರು ಬೆಳ್ಳಿ ಬೆರೆತ ಸೀಸದ್ದು. ಕ್ರಿ. ಪೂ. 483ರ ಸುಮಾರಿನಲ್ಲಿ ಥೆಮಿಸ್ಟೋಕ್ಲಿಸನು ಈ ಬೆಳ್ಳಿಯ ಹಣದಿಂದ ನೌಕಾಬಲವನ್ನು ಕಟ್ಟಿಸಿದನು. 480ರಲ್ಲಿ ಸಲಾಮಿಸಿನ ಬಳಿ ಪಾರಸಿಕರು ಸೋತುದು ಆ ಹಡಗುಗಳಿಂದಲೇ. ಅಲ್ಲಿಯ ಕೆಲಸಗಾರರು ಅದಿರನ್ನು ಕುಟ್ಟಿ, ಇಳಿಜಾರಾದ ಹಾಸಿನ ಮೇಲೆ ನೀರು ಹಾಯಿಸಿ ತೊಳೆದು, ಭಾರವಾಗಿ ನಿಂತುದನ್ನು ಮಾತ್ರ ಕುಲುಮೆಗೆ ಹಾಕುತ್ತಿದ್ದರು. ಹೊರಬಂದ ಸೀಸದೊಳಗೆ ಬೆಳ್ಳಿಯು ಅಡಗಿರುತ್ತಿತ್ತು. ಅದನ್ನು ಗಾಳಿಯೂದಿ ಕಾಯಿಸಿದರೆ ಸೀಸವು ಭಸ್ಮರೂಪವಾಗಿ ಬೇರ್ಪಟ್ಟು ಬೆಳ್ಳಿಯು ಉಳಿಯುವುದು. ಬೆಳ್ಳಿಯನ್ನು ಸೀಸದಿಂದ ಶೋಧಿಸುವ ಈ ಕ್ರಮವು ನಮ್ಮ ರಸಶಾಸ್ತ್ರಕ್ಕೂ ಹೊಸದಲ್ಲ.

ಹೀಗೆ ಕಸವು ಎರಡು ಬಗೆಯಾಯಿತು. ಕುಲುಮೆಗೆ ಮುಂಚೆಯೇ ಹೀನವೆಂದು ಬಿಸುಟ ಅದಿರು ಒಂದು. ಗ್ರೀಕರು ಇದನ್ನು ಎಕ್ವೊಲಾದೆಸ್, ಎಂದರೆ ಹೊರಚೆಲ್ಲಿದುದು, ಎಂದರು. ಕುಲುಮೆಯಿಂದ ಹೊರಬಿದ್ದ ಕಿಟ್ಟವು ಮತ್ತೊಂದು. ಗಣಿಯು ಬತ್ತಿದಾಗ ಜನರು ಹಳೆಯ ಕಿಟ್ಟವನ್ನೇ ಮತ್ತೆ ಕರಗಿಸಿ ಬೆಳ್ಳಿ ಪಡೆದರೆಂದೂ, ಹಿಂದಿನವರಿಗೆ ಕುಲುಮೆಯ ನೈಪುಣ್ಯವಿರಲಿಲ್ಲವೆಂದೂ ಸ್ಟ್ರಾಬೊ ತನ್ನ ಒಂಬತ್ತನೆಯ ಪುಸ್ತಕದಲ್ಲಿ ಬರೆದಿದ್ದಾನೆ. ಪೂರ್ವಿಕರ ಮೇಲೆ ಈ ಆಕ್ಷೇಪವು ತುಸು ಕಠಿನವೇ ಸರಿ. ಅವರು ಅರಸಿದುದು ಬೆಳ್ಳಿಯನ್ನು. ಸೀಸವು ಕಿಟ್ಟದಲ್ಲಿ ನಿಂತರೆ ಅವರಿಗೆ ದೊಡ್ಡ ನಷ್ಟವಾಗಿ ತೋರಿರಲಾರದು.

ಆ ಸೀಸವೇ ಎರಡು ಸಾವಿರ ವರ್ಷಗಳ ಮೇಲೆ ಬೆಲೆಗೆ ಬಂದಿತು. 1864ರಲ್ಲಿ ಇಟಲಿಯ ಸರ್ಪಿಯೇರಿಯು ಮಾರ್ಸೇಲ್ಸಿನ ರೂ ಎಂಬ ವರ್ತಕನೊಡನೆ ಸಂಘವನ್ನು ಕಟ್ಟಿ, ಕಿಟ್ಟದ ಹಕ್ಕನ್ನು ಪಡೆದು ಕುಲುಮೆ ಹೂಡಿದನು. ಕೆಲಕಾಲದಲ್ಲಿಯೇ ಎಕ್ವೊಲಾದೆಸ್ ಸಹ ಕುಲುಮೆಗೆ ಹೋಗತೊಡಗಿತು. ವಿವಾದವು ಹುಟ್ಟಿದುದು ಇಲ್ಲಿ. ಕಿಟ್ಟವೆಂಬ ಪದದಲ್ಲಿ ಕುಲುಮೆ ಕಾಣದ ಅದಿರೂ ಸೇರುವುದೇ? ಸೇರುವುದಿಲ್ಲವೆಂದು ಗ್ರೀಕ್ ಸರಕಾರವು 1871ರ ಶಾಸನದಿಂದ ಎಕ್ವೊಲಾದೆಸನ್ನು ರಾಜ್ಯದ ಸ್ವತ್ತಾಗಿ ಮಾಡಿತು. ಫ್ರಾನ್ಸ್, ಇಟಲಿಗಳು ಸಂಘದ ಪಕ್ಷವನ್ನು ಹಿಡಿದುವು. ಶಬ್ದಾರ್ಥದ ಜಗಳವು ರಾಜ್ಯಗಳ ಜಗಳವಾಯಿತು! 1873ರಲ್ಲಿ ಆಂದ್ರೆಯಾಸ್ ಸಿಂಗ್ರೋಸನ ಪಕ್ಷದವರು ಸಂಘದ ಸೊತ್ತನ್ನು ಕೊಂಡುಕೊಂಡರು. ದಿಬ್ಬಗಳಲ್ಲಿ ಅಪಾರ ನಿಧಿಯಿದೆಯೆಂಬ ವದಂತಿಯನ್ನು ನಂಬಿ ಅಥೆನ್ಸಿನ ಸಾಮಾನ್ಯ ಜನರೂ ಷೇರುಗಳಿಗೆ ಮುಗಿಬಿದ್ದರು. ಬೆಲೆಯು ಕುಸಿದು ಅನೇಕರು ಮನೆಮಾರು ಕಳೆದುಕೊಂಡರು.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಅವುಗಳ ಬಳಿ ಜನರು ಸೈನೈಡ್ ದಿಬ್ಬಗಳೆನ್ನುವ ರಾಶಿಗಳುಂಟು. ಟನ್ನಿಗೆ ಒಂದು ಗ್ರಾಮಿಗಿಂತ ಕಡಮೆಯಾದ ಚಿನ್ನವು ಅವುಗಳಲ್ಲಿ ಇನ್ನೂ ಇದೆ. ಅವನ್ನು ಕಿಟ್ಟವೆಂದು ಬರೆಯುವುದು ಸಾಧುವಲ್ಲ. ಅವು ಕುಲುಮೆಯ ಉರಿಯನ್ನು ಕಂಡುವಲ್ಲ. ಅರೆದು ಚಿನ್ನ ತೆಗೆದ ಬಳಿಕ ಉಳಿದ ಕಲ್ಲಿನ ಹಿಟ್ಟು.