ರಾಧೆಯ ಮುನಿಸು, ಪಂಡಿತರ ಸಿಟ್ಟು

ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ ಎಂಬುದು ಸಂಗೀತ ಬಲ್ಲವರಿಗೆಲ್ಲ ಗೊತ್ತು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಹೆಸರು ಮಾಡಿದ ಈ ದೇವದಾಸಿ ಗಾಯಕಿ ಹಳೆಯ ಕಾವ್ಯವೊಂದನ್ನು ಸಂಪಾದಿಸಿ, ಅದಕ್ಕಾಗಿ ಪಂಡಿತರನ್ನೂ ಸರ್ಕಾರವನ್ನೂ ಎದುರು ಹಾಕಿಕೊಂಡ ಕತೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಕೃತಿಯನ್ನು ಓದುವಾಗ ಕೃತಿಕಾರರ ಜಾತಿ, ಕಸುಬು, ನಡತೆಗಳು ಎಷ್ಟರಮಟ್ಟಿಗೆ ನಡುವೆ ಬಂದು ನಿಲ್ಲುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ.

ಕಾವ್ಯದ ಹೆಸರು ‘ರಾಧಿಕಾ ಸಾಂತ್ವನಮು’. ಭಾಷೆ ತೆಲುಗು. ಬರೆದವಳು ಮುದ್ದುಪಳನಿ, ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ. ತಾನೇ ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ರಾಧೆ ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಪ್ರಣಯದ ಪಾಠವನ್ನೂ ಅವಳೇ ಹೇಳಿಕೊಡುತ್ತಾಳೆ. ಆಮೇಲೆ ಕೃಷ್ಣ ಅತ್ತಲೇ ಮೈಮರೆತಾಗ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಾಳೆ. ಮುನಿದ ರಾಧೆಯನ್ನು ಕೃಷ್ಣ ಬಂದು ಸಂತೈಸುವುದೇ ಕಾವ್ಯದ ತಿರುಳು. ರಾಧಾಕೃಷ್ಣರ ಶೃಂಗಾರ ನಮ್ಮ ಕವಿಗಳಿಗೆ ಹೊಸದೇನಲ್ಲ. ಇಲ್ಲಿ ಮಾತ್ರ ಆಸೆ ಹೆಣ್ಣಿನದು, ಅದನ್ನು ಬಾಯಿಬಿಟ್ಟು ಹೇಳುವವಳೂ ಹೆಣ್ಣೇ.

ಮುದ್ದುಪಳನಿಗೆ ಸಂಕೋಚವೆಂಬುದು ತಿಳಿದಂತಿಲ್ಲ. ಪೀಠಿಕೆಯಲ್ಲಿ ಅಜ್ಜಿ ತಂಜನಾಯಕಿಯಿಂದ ಹಿಡಿದು ತನ್ನ ವಂಶವನ್ನು ಹೊಗಳಿಕೊಳ್ಳುತ್ತಾಳೆ; ತನ್ನ ವಿದ್ವತ್ತಿನ ಬಗ್ಗೆಯೂ ಧಾರಾಳವಾಗಿ ಹೇಳಿಕೊಳ್ಳುತ್ತಾಳೆ. ಗಂಡು ಕವಿಗಳು ಸಾವಿರ ವರ್ಷದಿಂದ ಮಾಡಿಕೊಂಡು ಬಂದ ಆತ್ಮಪ್ರಶಂಸೆಯೇ ಇದು. ಆದರೆ 1887ರಲ್ಲಿ ಈ ಕಾವ್ಯವನ್ನು ಅಚ್ಚು ಹಾಕಿಸಿದ ವೆಂಕಟನರಸು ಎಂಬ ಪಂಡಿತರು ಆ ಪೀಠಿಕೆಯನ್ನೇ ಕೈಬಿಟ್ಟರು. ಕೆಲವು ಪದ್ಯಗಳೂ ಅದರ ಜೊತೆಗೆ ಹೋದವು.

ಇನ್ನೊಂದು ಕಡೆಯಿಂದ ಹೊಡೆತ ಬಿದ್ದದ್ದು ಕಂದುಕೂರಿ ವೀರೇಶಲಿಂಗಂ ಅವರಿಂದ. ವಿಧವಾ ವಿವಾಹಕ್ಕಾಗಿ ಊರನ್ನೇ ಎದುರು ಹಾಕಿಕೊಂಡ ದೊಡ್ಡ ಸುಧಾರಕರು ಅವರು. ಸಣ್ಣ ಮನಸ್ಸಿನವರೆಂದು ತಳ್ಳಿಹಾಕುವಂತಿಲ್ಲ. ತೆಲುಗು ಕವಿಚರಿತ್ರೆಯಲ್ಲಿ ಅವರು ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡರು. ಆದರೆ ಈ ಕಾವ್ಯದ ಎಷ್ಟೋ ಪದ್ಯಗಳು ಹೆಂಗಸಿನ ಬಾಯಿಂದ ಬರುವುದಿರಲಿ, ಕಿವಿಗೂ ಬೀಳಬಾರದವು ಎಂದು ತೀರ್ಪು ಕೊಟ್ಟರು. ಕವಯಿತ್ರಿಯ ಶೀಲವನ್ನೂ ಅಲ್ಲಿ ಎಳೆದು ತಂದರು.

ನಾಗರತ್ನಮ್ಮನವರು ಓದುಗರಾಗಿ ಎಷ್ಟು ಗಟ್ಟಿಗರು ಎಂಬುದು ಕಾಣುವುದು ಇಲ್ಲಿಯೇ. ಅಚ್ಚಾದ ಪ್ರತಿಯ ಲೋಪಗಳನ್ನು ಗುರುತಿಸಿ ಅವರು ಹಸ್ತಪ್ರತಿಯನ್ನು ಹುಡುಕಿಸಿದರು. ಎರಡನ್ನೂ ತಾಳೆ ನೋಡಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಪಾಠವನ್ನು ಹೊರತಂದರು. ಅದರ ಮುನ್ನುಡಿಯಲ್ಲಿ ವೀರೇಶಲಿಂಗಂ ಅವರಿಗೆ ನೇರ ಸವಾಲಿತ್ತು: ನಾಚಿಕೆ ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಬೇಡವೇ? ದೇವದಾಸಿಯೊಬ್ಬಳಿಗೆ ಮರುಳಾದ ವಿಪ್ರನಾರಾಯಣನ ಕತೆ ಹೇಳುವ ‘ವೈಜಯಂತೀ ವಿಲಾಸಮು’ ಅವರಿಗೆ ಹೇಗೆ ಸಮ್ಮತವಾಯಿತು ಎಂದೂ ಕೇಳಿದರು. ತೌಲನಿಕ ವಿಮರ್ಶೆ ಎಂಬ ದೊಡ್ಡ ಹೆಸರಿಲ್ಲದೆಯೇ ನಡೆದ ತೌಲನಿಕ ವಿಮರ್ಶೆ ಇದು.

ಪಂಡಿತರ ದೂರು ಸರ್ಕಾರಕ್ಕೆ ಮುಟ್ಟಿತು. 1911ರಲ್ಲಿ ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡರು. ಆಕ್ಷೇಪಾರ್ಹವೆಂದು ಕಂಡ ಭಾಗಗಳನ್ನು ಸರ್ಕಾರಿ ಅನುವಾದಕರೊಬ್ಬರು ಇಂಗ್ಲಿಷಿಗೆ ತಂದರು. ಐನೂರಕ್ಕೂ ಮೀರಿದ ಪದ್ಯಗಳ ಕಾವ್ಯವನ್ನು ಹೀಗೆ ಆಯ್ದ ಚೂರುಗಳಲ್ಲಿ ಅಳೆದರೆ ಕಾಳಿದಾಸನೂ ಉಳಿಯುವುದಿಲ್ಲ! ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ, ಮದರಾಸು ಪ್ರಾಂತ್ಯದ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ. ಹೊಸ ಮುದ್ರಣ 1952ರಲ್ಲಿ ಬಂತು. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ.

ಕನ್ನಡದಲ್ಲಿ ಮುದ್ದುಪಳನಿಗೆ ಎದುರಾಗಿಟ್ಟು ನೋಡಬಹುದಾದವಳು ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಅವಳ ‘ಹದಿಬದೆಯ ಧರ್ಮ’ಕ್ಕೆ ಪಂಡಿತರ ಮನ್ನಣೆ ಸುಲಭವಾಗಿ ಸಿಕ್ಕಿತು. ವಸ್ತು ಪತಿವ್ರತೆಯ ನಡವಳಿಕೆ ಆಗಿದ್ದುದು ಇದಕ್ಕೆ ನೆರವಾಗಿರಲೇಬೇಕು. ಹೆಣ್ಣನ್ನು ಕೀಳಾಗಿ ಕಾಣುವವರನ್ನು ಅವಳು ತರಾಟೆಗೆ ತೆಗೆದುಕೊಂಡದ್ದು ಮೆಲ್ಲಗೆ, ನೀತಿಯ ಸೆರಗಿನ ಮರೆಯಲ್ಲಿ.

1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಭಾರತೀಯ ಮಹಿಳಾ ಬರಹಗಳ ಇಂಗ್ಲಿಷ್ ಸಂಕಲನ ಮುದ್ದುಪಳನಿಯನ್ನು ಮತ್ತೆ ಚರ್ಚೆಗೆ ತಂದಿತು. ಅಂದಿನಿಂದ ಅವಳನ್ನು ಬಂಡಾಯಗಾರ್ತಿಯೆಂದು ಕೊಂಡಾಡುವುದು ರೂಢಿ. ಇದೂ ಅವಸರದ ಓದೇ. ಅವಳು ತನ್ನ ಕಾಲದಲ್ಲಿ ಯಾರ ವಿರುದ್ಧವೂ ದಂಗೆ ಎದ್ದವಳಲ್ಲ. ಕ್ಷೇತ್ರಯ್ಯನ ಶೃಂಗಾರ ಪದಗಳು ಮೆರೆದ ಸೀಮೆಯಲ್ಲಿ, ಆಸ್ಥಾನದ ಆಶ್ರಯದಲ್ಲಿ, ಬಲ್ಲ ರಸಿಕರ ನಡುವೆ ಬರೆದವಳು. ಅವಳ ಕಾವ್ಯ ಹಗರಣವಾದದ್ದು ನೂರು ವರ್ಷಕ್ಕೂ ಹೆಚ್ಚು ಕಾಲದ ಆಮೇಲೆ, ಇಂಗ್ಲಿಷ್ ಆಳ್ವಿಕೆಯ ಮರ್ಯಾದೆಯ ಕಲ್ಪನೆಗಳು ನಮ್ಮ ಸುಧಾರಕರ ತಲೆಯಲ್ಲಿ ಕೂತ ಮೇಲೆ.

ಇವತ್ತಿನ ಓದುಗರಿಗೆ ಮುಜುಗರವಾಗುವುದು ಬೇರೆ ಜಾಗದಲ್ಲಿ. ಎಳೆಯ ಇಳೆಯನ್ನು ಹಿರಿಯಳೊಬ್ಬಳು ಶಯ್ಯಾಗೃಹಕ್ಕೆ ಅಣಿಗೊಳಿಸುವ ಭಾಗ ಓದುವಾಗ ಮನಸ್ಸು ಹಿಂಜರಿಯುತ್ತದೆ. ವೀರೇಶಲಿಂಗಂ ಅವರ ಆಕ್ಷೇಪ ಹೆಣ್ಣು ಹೀಗೆ ಬರೆಯಬಹುದೇ ಎಂಬುದಾಗಿತ್ತು. ಈಗ ಕೇಳಬೇಕಾದದ್ದು ಇಳೆಯ ಪಾಲಿಗೆ ಈ ಕಾವ್ಯದಲ್ಲಿ ಮಾತೆಷ್ಟು ಸಿಕ್ಕಿದೆ ಎಂದು.