ಕ್ಲಿಪ್ ತೆಗೆದ ಮೇಲೂ ಕೆಲಸ ಬಾಕಿ

ಹಲ್ಲಿನ ಕ್ಲಿಪ್ ತೆಗೆಸಿದ ದಿನದ ಖುಷಿಯೇ ಬೇರೆ. ಎರಡು ವರ್ಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕವರು ಅಂದು ಕನ್ನಡಿ ಬಿಟ್ಟು ಕದಲುವುದಿಲ್ಲ. ಡಿಪಿ ಬದಲಾಗುತ್ತದೆ, ರೆಸ್ಯೂಮೆಗೆ ಹೊಸ ಫೋಟೊ ಬರುತ್ತದೆ. ಈ ಸಂಭ್ರಮದಲ್ಲಿ ಡಾಕ್ಟರ್ ಕೈಗಿಟ್ಟ ಪುಟ್ಟ ಡಬ್ಬಿಯತ್ತ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದರೊಳಗಿರುವುದು ರಿಟೇನರ್. ಅಪ್ಪ ಕಂತಿನಲ್ಲಿ ಕಟ್ಟಿದ ದುಡ್ಡನ್ನು ಇನ್ನು ಮುಂದೆ ಕಾಯಬೇಕಾದದ್ದು ಅದೇ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಅದರ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರಿನ ಪದರವಿದೆ. ಕ್ಲಿಪ್‌ನ ತಂತಿ ಮೆಲ್ಲಗೆ ತಳ್ಳುತ್ತಲೇ ಇದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ಮೂಳೆಯೊಳಗೇ ನಡೆದು ಹೊಸ ಜಾಗಕ್ಕೆ ಬರುತ್ತದೆ. ತಂತಿ ಬಿಚ್ಚಿದ ಮೇಲೆ ಬೇರಿನ ಸುತ್ತಲಿನ ನಾರು ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ವಸಡಿನಲ್ಲಿರುವ ರಬ್ಬರಿನಂಥ ನಾರುಗಳಿಗೆ ಒಂದು ವರ್ಷವೇ ಹಿಡಿಯಬಹುದು. ತಿರುಚಿಕೊಂಡಿದ್ದ ಹಲ್ಲನ್ನು ನೇರ ಮಾಡಿದ್ದರಂತೂ ಅವು ಹಟ ಹಿಡಿದು ಹಳೆಯ ಕಡೆಗೇ ಎಳೆಯುತ್ತವೆ.

ಸರಿ, ಒಂದು ವರ್ಷ ಕಳೆದರೆ ಮುಗಿಯಿತೇ? ಇಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡಿದ್ದ 65 ಜನರನ್ನು ರಿಟೇನರ್ ನಿಲ್ಲಿಸಿ ಹತ್ತು ವರ್ಷವಾದ ಮೇಲೆ ಪರೀಕ್ಷಿಸಿದರು. 1981ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಸಾಲಿನ ಮುಂದಿನ ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು. ಇಪ್ಪತ್ತು ವರ್ಷದವರೆಗೆ ನೋಡಿದ 1988ರ ಅಧ್ಯಯನದಲ್ಲಿ ಸಾಲು ಚೆನ್ನಾಗಿ ಉಳಿದಿದ್ದವರು ಶೇ 10ರಷ್ಟು ಮಾತ್ರ. ಯಾರ ಹಲ್ಲು ಸರಿಯುತ್ತದೆ ಎಂದು ಮೊದಲೇ ಹೇಳಬಲ್ಲ ಗುರುತೂ ಅವರಿಗೆ ಸಿಗಲಿಲ್ಲ.

ಮನೆಯಲ್ಲಿ ತಪ್ಪು ಹೊರಿಸುವುದು ಬುದ್ಧಿಹಲ್ಲಿನ ಮೇಲೆ. ಪಾಪ, ಅದು ಮುಂದಿನ ಹಲ್ಲುಗಳನ್ನು ತಳ್ಳುತ್ತದೆ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಕ್ಲಿಪ್ ಹಾಕಿಸದವರ ಕೆಳಹಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಆದ್ದರಿಂದ ಒಂದು ಹಲ್ಲು ಕೂದಲೆಳೆಯಷ್ಟು ಸರಿದರೆ ಎದೆ ಒಡೆದುಕೊಳ್ಳಬೇಕಿಲ್ಲ.

ನಮ್ಮ ವಯಸ್ಸಿನವರ ತೊಂದರೆ ಬೇರೆ. ಪಿಯುಸಿಯಲ್ಲಿ ಕ್ಲಿಪ್, ಡಿಗ್ರಿಯಲ್ಲಿ ರಿಟೇನರ್, ಆಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿನ ಪಿಜಿ. ಮೆಸ್‌ನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ರಿಟೇನರ್ ಎಂಜಲು ತಟ್ಟೆಯ ಜೊತೆ ಕಸದ ಬುಟ್ಟಿ ಸೇರುತ್ತದೆ. ಚೊಕ್ಕಟವಾಗಲಿ ಎಂದು ಬಿಸಿನೀರಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪರೀಕ್ಷೆ ಮುಗಿಯಲಿ ಎಂದು ಹದಿನೈದು ದಿನ ಬಿಟ್ಟು ಮತ್ತೆ ಹಾಕಿದಾಗ ಬಿಗಿ ಅನ್ನಿಸಿದರೆ ಹಲ್ಲು ಹೊರಟಿದೆ ಎಂದರ್ಥ. ಕೂರದಿದ್ದರೆ ಬಲವಂತ ಮಾಡದೆ ಡಾಕ್ಟರ್ ಬಳಿ ಹೋಗುವುದೇ ಸರಿ. ಹಲ್ಲಿನ ಹಿಂದೆ ತಂತಿ ಅಂಟಿಸಿಕೊಂಡವರಿಗೆ ಕಳೆದುಕೊಳ್ಳುವ ಭಯವಿಲ್ಲ, ಆದರೆ ಅಲ್ಲಿ ಪಾಚಿ ಕಟ್ಟುತ್ತದೆ. ಒಂದು ಹಲ್ಲಿನಿಂದ ಅಂಟು ಬಿಟ್ಟರೂ ಗೊತ್ತಾಗುವುದಿಲ್ಲ. ಆಗಾಗ ನಾಲಿಗೆಯ ತುದಿಯಿಂದ ಮುಟ್ಟಿ ನೋಡುತ್ತಿರಬೇಕು.

ನನ್ನ ತಕರಾರು ಒಂದೇ. ಇದನ್ನೆಲ್ಲ ಕೊನೆಯ ದಿನ ಅವಸರದಲ್ಲಿ ಹೇಳುವ ಬದಲು ಮೊದಲ ದಿನವೇ, ದುಡ್ಡಿನ ಮಾತಿನ ಜೊತೆಗೇ ಹೇಳಬಾರದೇ? ನಾವೂ 'ಎಷ್ಟು ತಿಂಗಳು?' ಎಂದಷ್ಟೇ ಕೇಳುತ್ತೇವೆ. ರಿಟೇನರ್ ಎಷ್ಟು ವರ್ಷ, ಮುರಿದರೆ ಹೊಸದಕ್ಕೆಷ್ಟು ಎಂದು ಕೇಳುವುದಿಲ್ಲ. ಕ್ಲಿಪ್ ತೆಗೆದ ಮೇಲೆ ಹಲ್ಲಿನ ಸ್ಕ್ಯಾನ್ ಮಾಡಿದ್ದರೆ ಅದರ ಫೈಲ್ ಕೇಳಿ ಮೊಬೈಲ್‌ನಲ್ಲಿಟ್ಟುಕೊಳ್ಳಿ. ಬೇರೆ ಊರಿನಲ್ಲಿ ರಿಟೇನರ್ ಕಳೆದರೆ, ಹಲ್ಲು ಸರಿಯುವ ಮೊದಲು ಅದರಿಂದಲೇ ಹೊಸದನ್ನು ಮಾಡಿಸಿಕೊಳ್ಳಬಹುದು.