ಮನೆ, ಪ್ಲಾಟು ವ್ಯವಹಾರಕ್ಕೆ ಎಂಥ ದಲ್ಲಾಳಿ ಬೇಕು?



ಭತ್ತದ ದಲ್ಲಾಳಿ ಯಾರು, ಅವನ ತೂಕ ಹೆಂಗ, ರೊಕ್ಕ ಯಾವಾಗ ಕೊಡ್ತಾನ ಎಂಬುದು ನಮಗೆಲ್ಲ ಚೆನ್ನಾಗಿ ಗೊತ್ತು. ಒಂದು ಸುಗ್ಗಿಗೆ ಮೋಸ ಮಾಡಿದರೆ ಮುಂದಿನ ಸುಗ್ಗಿಗೆ ಅವನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಆದರೆ ಮನೆ ಹಾಗಲ್ಲ. ಜೀವನದಾಗ ಒಮ್ಮೆ ತೊಗೊಳ್ಳೋದು. ಮೋಸ ಹೋದರೆ ಮುಂದಿನ ಸುಗ್ಗಿ ಎಂಬುದೇ ಇಲ್ಲ.

ನಮಗೆ ಗೊತ್ತಿರುವ ಒಬ್ಬ ತಾಯಿ ಸಂಘದಿಂದ ಸಾಲ ಎತ್ತಿ, ಕಿವಿಯ ಓಲೆ ಅಡವಿಟ್ಟು 80 ಸಾವಿರ ಇಸಾರ ಕೊಟ್ಟಳು. ಕೊಟ್ಟಿದ್ದು ದಲ್ಲಾಳಿಯ ಕೈಗೆ. ಮನೆ ಮಾಲೀಕನ ಮುಖವನ್ನೇ ಆಕೆ ನೋಡಿರಲಿಲ್ಲ. ಮೂರು ತಿಂಗಳ ಮೇಲೆ ಆ ಮನೆಯ ಮೂಲ ಪತ್ರ ಬ್ಯಾಂಕಿನಲ್ಲಿ ಅಡವಿದೆ ಎಂದು ತಿಳಿಯಿತು. ‘ನಾ ಮಾಲೀಕಗ ಕೊಟ್ಟೀನಿ’ ಎಂದ ದಲ್ಲಾಳಿ. ‘ನನಗ ಮುಟ್ಟಿಲ್ಲ’ ಎಂದ ಮಾಲೀಕ. ಸಂಘದ ಕಂತು ಮಾತ್ರ ನಿಲ್ಲಲಿಲ್ಲ. ಆಕೆಗೆ ಕಟ್ಟಲಾಗದ ತಿಂಗಳು ಉಳಿದ ಸದಸ್ಯೆಯರು ತಮ್ಮ ಉಳಿತಾಯದಿಂದ ತುಂಬಿದರು. ಅಂದರೆ ಒಬ್ಬರು ಆರಿಸಿದ ದಲ್ಲಾಳಿಯ ಹೊರೆ ಇಡೀ ಸಂಘದ ಮೇಲೆ ಬಿತ್ತು.

ಈಗ ನಮ್ಮ ಪೋತ್ನಾಳ, ಮಾನ್ವಿ ರಸ್ತೆಯಲ್ಲಿ ಪ್ಲಾಟಿನ ಮಾತು ಜೋರಾಗಿದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲಂತೂ ಕೇಳುವುದೇ ಬೇಡ. ‘ಯಕ್ಕಾ, ರೈಲು ಈ ಕಡೆ ಬರ್ತದ, ರಾಯಚೂರಿಗೆ ಇಮಾನ ಬರ್ತದ, ಇವತ್ತು ಕೊಡು, ನಾಳೆ ರೇಟು ಡಬಲ್’ ಅಂತಾರ. ರೈಲು, ವಿಮಾನ ಬಂದಾಗ ಬರಲಿ. ಅವಸರ ಮಾಡಿಸುವ ದಲ್ಲಾಳಿಯಿಂದ ದೂರ ಇರ್ರಿ. ಒಳ್ಳೆಯವನು ‘ನಿಮ್ಮ ಮನೆಯವರ್ನ, ಸಂಘದವರ್ನ ಕರ್ಕೊಂಡು ಬರ್ರಿ, ಕಾಗದ ಓದಿಸ್ರಿ’ ಎನ್ನುತ್ತಾನೆ.

ಹಾಗಾದರೆ ಪರೀಕ್ಷೆ ಮಾಡುವುದು ಹೆಂಗ? ಮೊದಲನೇ ದಿನವೇ ಎರಡು ಮಾತು ಕೇಳಿರಿ: ಮಾಲೀಕರನ್ನು ಭೇಟಿ ಮಾಡಿಸ್ತೀಯಾ? ಮೂಲ ಪತ್ರ ತೋರಿಸ್ತೀಯಾ?

ಮಾಲೀಕರ ಎದುರಿಗೇ ಬೆಲೆ ಮಾತಾಡಬೇಕು. ಯಾಕೆಂದರೆ ಮಾಲೀಕನಿಗೆ ಆರು ಲಕ್ಷ ಹೇಳಿ, ನಮಗೆ ಏಳು ಲಕ್ಷ ಹೇಳಿ, ನಡುವಿನದು ನುಂಗುವವರಿದ್ದಾರೆ. ಇನ್ನು ಮೂಲ ಪತ್ರ. ಬರೀ ಜೆರಾಕ್ಸ್ ತೋರಿಸಿದರೆ ಅಸಲು ಎಲ್ಲಿದೆ ಎಂದು ಕೇಳಲೇಬೇಕು. ಋಣಭಾರ ಪತ್ರ, ಅಂದರೆ ನಾವು ‘ಇಸಿ’ ಎನ್ನುವುದು, ನೋಂದಣಿ ಕಚೇರಿಯಲ್ಲಿ ದಾಖಲಾದ ವ್ಯವಹಾರ ಮಾತ್ರ ತೋರಿಸುತ್ತದೆ. ಬಾಂಡ್ ಬರೆದು ಕೈಸಾಲಕ್ಕೆ ಪತ್ರ ಒತ್ತೆ ಇಟ್ಟಿದ್ದರೆ ಅದು ಇಸಿಯಲ್ಲಿ ಕಾಣದೇ ಇರಬಹುದು. ಅದಕ್ಕೇ ಇಸಿಯೂ ಬೇಕು, ಅಸಲು ಪತ್ರವನ್ನು ಕಣ್ಣಾರೆ ನೋಡುವುದೂ ಬೇಕು. ಇಸಿಯನ್ನು ದಲ್ಲಾಳಿ ತಂದುಕೊಟ್ಟದ್ದಕ್ಕಿಂತ ನೀವೇ ಅರ್ಜಿ ಹಾಕಿ ತೆಗೆಸಿದ್ದು ವಾಸಿ.

ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ ಕೇಳಿರಿ. ನಮೂನೆ 9 ಮತ್ತು 11ಎ ಒಂದು ತರಹ, 11ಬಿ ಇನ್ನೊಂದು ತರಹ. 11ಬಿ ಇದ್ದರೆ ಪಂಚಾಯಿತಿ ಆ ಆಸ್ತಿಯಿಂದ ಕರ ತೊಗೊಳ್ತದ ಅಷ್ಟೇ. ಬಡಾವಣೆಗೆ ಮಂಜೂರಾತಿ ಇದೆ ಎಂದು ಅರ್ಥವಲ್ಲ. ಅಂಥ ಜಾಗಕ್ಕೆ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡುತ್ತಾರೆ. ‘ಎರಡೂ ಒಂದೇ ಯಕ್ಕಾ’ ಎಂದವನಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮುಚ್ಚುತ್ತಿದ್ದಾನೆ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಿನಲ್ಲಿ ಪ್ಲಾಟು ಹಾಕಿದ್ದರೆ ಇನ್ನೂ ಎಚ್ಚರ. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಆಶ್ರಯ ಮನೆಯಾದರೆ ಹಕ್ಕುಪತ್ರದ ಹಿಂದುಮುಂದಿನ ಷರತ್ತುಗಳನ್ನು ಓದಿಸಿ ಕೇಳಿರಿ.

‘ಅಕ್ಕತಂಗೇರ ಸಹಿ ಏನು ಬೇಡ, ಅವರು ಮದುವೆ ಆಗಿ ಹೋಗ್ಯಾರ’ ಎನ್ನುವ ದಲ್ಲಾಳಿಯೂ ನಮಗೆ ಬೇಡ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕಿದೆ. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಆ ಹೆಣ್ಣುಮಗಳು ಕೋರ್ಟಿಗೆ ಹೋದರೆ ಸಿಕ್ಕಿಬೀಳುವವರು ಕೊಂಡ ನಾವು, ದಲ್ಲಾಳಿ ಅಲ್ಲ. ಮತ್ತೆ, ನಾವೂ ಯಾರದೋ ಮನೆಯ ಹೆಣ್ಣುಮಕ್ಕಳೇ ಅಲ್ಲವೇ?

ಬಾಂಡಿನ ಮೇಲೆ ಬರೆದುಕೊಂಡು ಮನೆ ಕೊಳ್ಳುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ನೋಂದಣಿಯಾದ ಖರೀದಿ ಪತ್ರ ಇಲ್ಲದೆ ಮನೆ ನಮ್ಮದಾಗುವುದಿಲ್ಲ. ಬರೀ ಮುಖ್ತಿಯಾರ ಪತ್ರದಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ನೋಂದಣಿಗೆ ಖರ್ಚು ಬರುತ್ತದೆ ನಿಜ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಮತ್ತು 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಮನೆಯ ಬೆಲೆ ಮಾತಾಡುವಾಗಲೇ ಈ ಲೆಕ್ಕವನ್ನೂ ಬಾಯಿಬಿಟ್ಟು ಹೇಳುವವನು ಒಳ್ಳೆ ದಲ್ಲಾಳಿ.

ರಾಯಚೂರು ನಗರದ ಕಡೆ ಹೊಸ ಲೇಔಟಿನಲ್ಲಿ ಪ್ಲಾಟು ಕೊಳ್ಳುವವರು ‘ರೇರಾ’ ಎಂಬ ಹೆಸರು ನೆನಪಿಡಿರಿ. 2016ರ ಈ ಕಾಯ್ದೆ ಪ್ರಕಾರ ನೋಂದಾಯಿತ ಲೇಔಟಿನ ಪ್ಲಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿರಬೇಕು. ಅವನ ನಂಬರಿನ ನಡುವೆ ‘ಎಜಿ’ ಎಂಬ ಅಕ್ಷರ ಇರುತ್ತದೆ. ಕರ್ನಾಟಕ ರೇರಾದ ಜಾಲತಾಣದಲ್ಲಿ ಮಕ್ಕಳಿಂದ ಹುಡುಕಿಸಿ ನೋಡಬಹುದು. ಒಪ್ಪಂದ ಪತ್ರ ನೋಂದಣಿ ಆಗುವ ತನಕ ಲೇಔಟಿನವರು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಊರೊಳಗಿನ ಹಳೇ ಮನೆ ತೋರಿಸುವವರಿಗೆ ಈ ನಿಯಮ ಇಲ್ಲ. ನಂಬರ್ ಇಲ್ಲ ಎಂದ ಮಾತ್ರಕ್ಕೆ ಅವರೆಲ್ಲ ಕಳ್ಳರಲ್ಲ. ಅವರು ಹಿಂದೆ ಮಾಡಿಸಿದ ಎರಡು ಮೂರು ಮನೆಗಳಿಗೆ ಹೋಗಿ, ಅಲ್ಲಿರುವ ಹೆಂಗಸರನ್ನೇ ಕೇಳಿರಿ. ಗಂಡಸರು ಹೇಳದ್ದನ್ನು ಅವರು ಹೇಳುತ್ತಾರೆ.

ರೊಕ್ಕದ ವಿಷಯ. ಇಸಾರವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿರಿ. 20 ಸಾವಿರ ಮತ್ತು ಅದಕ್ಕೂ ಹೆಚ್ಚಿನ ಇಸಾರವನ್ನು ನಗದಾಗಿ ತೊಗೊಳ್ಳಬಾರದು ಎಂದು 2015ರಿಂದಲೇ ನಿಯಮವಿದೆ. ದಲಾಲಿ ಸಾಮಾನ್ಯವಾಗಿ ಶೇ 1 ಅಥವಾ 2. ಎಷ್ಟು, ಎರಡೂ ಕಡೆಯಿಂದ ತೊಗೊಳ್ತೀಯಾ ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿರಿ. ಕೊಡುವುದು ರಿಜಿಸ್ಟ್ರಿ ಆದ ದಿನ. ‘ಅರ್ಧ ಈಗ್ಲೇ ಕೊಡ್ರಿ’ ಎಂದರೆ ಕೊಡಬ್ಯಾಡ್ರಿ.

ಮಾರುವವರೂ ಇದನ್ನೇ ತಿರುಗಿಸಿ ನೋಡಬೇಕು. ಗಂಡ ತೀರಿಕೊಂಡು ಮನೆ ಮಾರುವ ತಾಯಂದಿರಿಗೆ ವಿಶೇಷವಾಗಿ ಹೇಳುತ್ತೇವೆ: ದಲ್ಲಾಳಿಯ ಕೈಗೆ ಅಸಲು ಪತ್ರ ಕೊಡಬೇಡಿರಿ, ಜೆರಾಕ್ಸ್ ಸಾಕು. ಖಾಲಿ ಬಾಂಡಿಗೆ ಹೆಬ್ಬೆಟ್ಟು ಒತ್ತಬೇಡಿರಿ. ಅವನ ಹೆಸರಿಗೆ ಮುಖ್ತಿಯಾರ ಬರೆದುಕೊಡಬೇಡಿರಿ. ಪೂರ್ತಿ ರೊಕ್ಕ ಖಾತೆಗೆ ಬಂದದ್ದನ್ನು ಪಾಸ್‌ಬುಕ್ಕಿನಲ್ಲಿ ನೋಡಿ, ಖರೀದಿ ಪತ್ರ ಗಟ್ಟಿಯಾಗಿ ಓದಿಸಿ, ಆಮೇಲೆ ಹೆಬ್ಬೆಟ್ಟು.

ಕಾಗದ ತಿಳಿಯದಿದ್ದರೆ ನಾಚಿಕೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಯಾವುದೇ ಹೆಣ್ಣುಮಗಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ಸಹಾಯ ಉಚಿತ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿರಿ, ಅಥವಾ 15100ಕ್ಕೆ ಫೋನ್ ಮಾಡಿರಿ. ಇಸಾರ ಕೊಡುವ ಮೊದಲು ಹೋಗಿರಿ. ಹೋಗುವಾಗ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು, ಎಲ್ಲ ಪತ್ರದ ಜೆರಾಕ್ಸ್ ಒಂದು ಚೀಲದಲ್ಲಿ ಇಟ್ಟುಕೊಂಡು ಹೋಗಿರಿ.